ತಿಪ್ಪೆಯಲ್ಲಿ ಸಿಕ್ಕವನು

ಜೂನ್ ೧೧, ಮಂಗಳವಾರ

ಎಂದಿನಂತೆ ಕೈ ತೊಳೆದು ಹಸುಗೂಸುಗಳ ವಾರ್ಡಿಗೆ. ಬಂದಾಗ ಜ್ವರ ಇಲ್ಲದೆ, ಇಲ್ಲಿಗೆ ಬಂದ ಮೇಲೆ ಯಾರಿಗೆ ಸೋಂಕು ಅಂಟಿತು — ಅದನ್ನು ಹುಡುಕಿ ಬರೆಯುವುದು ನನ್ನ ಕೆಲಸ. ಕಾದಂಬರಿ ಓದಿ ಡಿಗ್ರಿ ತಗೊಂಡವಳಿಗೆ ಸಿಕ್ಕಿದ್ದು ಇದು. ಅಮ್ಮ ಮಾತ್ರ ಸಂತೆಯಲ್ಲೆಲ್ಲ ಮಗಳು ಡಾಕ್ಟರ್ ಅಂತ ಸಾರಿದ್ದಾಳೆ.

ವಾರ್ಡಿನ ಹಿರಿಯ ನರ್ಸ್ ಸಿಸ್ಟರ್ ಡುಫಿಯೆ ನನ್ನನ್ನು ಕಂಡ ಕೂಡಲೇ ಕೂಗಿದರು: "ಬಂದ್ಲು ನೋಡ್ರೇ ಪೊಲೀಸಮ್ಮ! ಎಲ್ಲಾ ಕೈ ತೊಳ್ಕೊಳ್ರಿ!" ನರ್ಸುಗಳು ನಕ್ಕರು. ನಾನು ನೆಲ ನೋಡಿದೆ.

ಲ್ಯಾಬಿನಿಂದ ಎರಡು ರಿಪೋರ್ಟ್. ಆಚ್ಯಾಳ ಗಂಡುಮಗು — ಬುಧವಾರ ಹುಟ್ಟಿದ್ದರಿಂದ ಸದ್ಯಕ್ಕೆ ವಾರದ ಹೆಸರು, ಕ್ವಾಕು. ಇನ್ನೊಂದು ಮಾನ್ಸಾಳ ಗಂಡುಮಗು. ಇಬ್ಬರ ರಕ್ತದಲ್ಲೂ ಒಂದೇ ಕ್ರಿಮಿ. ಒಳ್ಳೆಯದಲ್ಲ...

ಜೂನ್ ೧೨, ಬುಧವಾರ

ಮೂರನೆಯ ರಿಪೋರ್ಟ್ ಬಂತು. ಅದೇ ಕ್ರಿಮಿ. ಮಗುವಿನ ಹೆಸರು ಸುಮಿನಾ, ಅಂದರೆ ತಿಪ್ಪೆ! ಸಾಲಾಗಿ ಮಕ್ಕಳು ಸತ್ತ ಮನೆಯಿರಬೇಕು. ಹೊಲಸು ಹೆಸರಿಟ್ಟರೆ ಸಾವು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತದಲ್ಲ.

ಡಾ. ಬೋನ್ಸು ಕನ್ನಡಕ ತೆಗೆದರು. "ಮೂರು ಮಕ್ಕಳಿಗೆ ಒಂದೇ ಕ್ರಿಮಿ ಅಂದ್ರೆ ವಾರ್ಡಲ್ಲೇ ಹರಡ್ತಿದೆ. ಶುಕ್ರವಾರ ಮುಚ್ಚೋಣ. ಎಲ್ಲರನ್ನೂ ಕುಮಾಸಿಯ ದೊಡ್ಡಾಸ್ಪತ್ರೆಗೆ ಕಳಿಸಿ."

"ಆ ರಸ್ತೇಲಾ? ಗಾಜಿನ ಪೆಟ್ಟಿಗೇಲಿರೋವು ಅನಾನಸ್ ಹಣ್ಣಿನ ತೂಕಾನೂ ಇಲ್ಲ ಡಾಕ್ಟ್ರೇ. ಎರಡಾದ್ರೂ ದಾರೀಲೇ ಹೋಗ್ತವೆ," ಅಂದರು ಸಿಸ್ಟರ್.

ಅವರ ಕೈ ನೋಡಿದೆ. ಸೋಪಿಗೆ ಬಿರಿದ ಕೈ. ಕ್ರಿಮಿ ಹರಡಿದ್ದು ಇವೇ ಅಂತ ಆ ಕೈಗಳ ಮೇಲೇ ಎಲ್ಲರ ಕಣ್ಣು. ನಾನು ಕೊಟ್ಟ ಲೆಕ್ಕದಿಂದ.

ಜೂನ್ ೧೩, ಗುರುವಾರ

ಊಟಕ್ಕೆ ಎಲೆಯಲ್ಲಿ ಸುತ್ತಿದ ಜೋಳದ ಕೆಂಕಿ ಮುದ್ದೆ ಬಿಚ್ಚಿದೆ, ತಿನ್ನಲಾಗಲಿಲ್ಲ. ವಾರ್ಡಿಗೆ ಹೋದೆ.

ಬೆಂಚಿನ ಮೇಲೆ ಮಾನ್ಸಾ ಹಾಲು ಕುಡಿಸುತ್ತಿದ್ದಳು. ಮಗುವಿನ ಕಿವಿ ಚುಚ್ಚಿ ಕಪ್ಪು ದಾರ ಹಾಕಿದೆ. ಹೆಣ್ಣು. ರಿಪೋರ್ಟಿನಲ್ಲಿ ಗಂಡು. ಅವಳಿಯೂ ಅಲ್ಲ. ಕೇಳಬೇಕು... ಬೆಂಚಿನ ತುದಿಗೆ ಕೂತೆ.

"ಅಕ್ಕಾ, ನಿಮ್ಮ ಮಗ... ಎಲ್ಲಿ?"

ಮಾನ್ಸಾ ಪಕ್ಕದ ಮುದುಕಿಯನ್ನು ನೋಡಿದಳು. ಆಚ್ಯಾಳ ತಾಯಿ, ಆಚ್ಯಾ ಆಪರೇಷನ್ ಆಗಿ ಮಹಡಿಯ ವಾರ್ಡಲ್ಲಿ ಮಲಗಿದ್ದಾಳೆ. ಮುದುಕಿಯ ಮಡಿಲಲ್ಲಿ ಸುಡುವ ಗಂಡುಕೂಸು. ಮಣಿಕಟ್ಟಿನಲ್ಲಿ ಹೆಸರಿನ ಪಟ್ಟಿಯಿಲ್ಲ.

"ಇದು ಕ್ವಾಕು ಅಲ್ವಾ ಅಜ್ಜಿ?"

"ಶ್! ಹೆಸರು ಕೂಗ್ಬೇಡ್ವೇ! ಇವನಿಗಿಂತ ಮುಂಚೆ ಮೂರು ಹೋಗಿದಾವೆ. ಜ್ವರ ಬಂದ ದಿನ, ರಕ್ತ ತಗೊಂಡು ಹೋದ ಮೇಲೆ, ಆ ಪಟ್ಟಿ ಕತ್ತರಿಸಿ ಬಿಸಾಕ್ದೆ. ಓದ್ಕೊಂಡು ಬರ್ತಾನಲ್ಲ ಅವನು!" ಅವನು ಅಂದರೆ ಸಾವು. "ಕಸದ ಡಬ್ಬದ ಮೇಲೆ ಮಲಗಿಸ್ದೆ. ಮಾನ್ಸಾ ಎತ್ಕೊಂಡ್ಲು. ಇನ್ಮೇಲೆ ಸಿಕ್ಕಿದೋರ ಮಗು, ನಮ್ದಲ್ಲ."

"ನರ್ಸ್ ರಕ್ತ ತಗೊಳ್ಳೋಕ್ ಬಂದು ಯಾರ ಮಗು ಅಂದ್ರು, ನಂದು ಅಂದೆ," ಅಂದಳು ಮಾನ್ಸಾ. "ತಿಪ್ಪೆಯಿಂದ ಎತ್ಕೊಂಡ ಮೇಲೆ ಸುಳ್ಳು ಹೇಳೋಕಾಗುತ್ತಾ?"

"ಆಮೇಲೂ ಜ್ವರ ಬಿಡ್ಲಿಲ್ಲ. ಇನ್ನೊಬ್ಬ ನರ್ಸ್ ಬಂದಾಗ ಸುಮಿನಾ ಅಂದೆ," ಅಂದಳು ಅಜ್ಜಿ.

ಮೂವರಲ್ಲ. ಒಬ್ಬನೇ. ನಗು ಉಕ್ಕಿತು. ಮರುಕ್ಷಣ ಹೊಳೆಯಿತು — ಒಬ್ಬನೇ ಅಂದರೆ, ದಿನಗಟ್ಟಲೆ ಔಷಧಿ ಹೋದ ಮೇಲೂ ಕ್ರಿಮಿ ರಕ್ತದಲ್ಲಿದೆ. ಔಷಧಿ ನಾಟುತ್ತಿಲ್ಲ. ಒಂದೊಂದೂ ಬೇರೆ ಮಗುವಿನ ಮೊದಲ ರಿಪೋರ್ಟ್ ಅಂದುಕೊಂಡು ಯಾರೂ ಔಷಧಿ ಬದಲಿಸಿಲ್ಲ.

"ಅಜ್ಜಿ, ಡಾಕ್ಟರಿಗೆ ಹೇಳಲೇಬೇಕು."

ನನ್ನ ಕೈ ಹಿಡಿದುಕೊಂಡಳು. "ಹೇಳಿದ್ರೆ ಅವನಿಗೂ ಕೇಳ್ಸುತ್ತೆ, ಮಗಳೇ."

"ಹೆಸರು ಹೇಳಲ್ಲ. ಬೆರಳು ತೋರಿಸ್ತೀನಿ, ಅಷ್ಟೇ."

ಅದೇ ದಿನ, ಸಂಜೆ

ಹೇಳಿದೆ! ಎಲ್ಲರೆದುರು. "ಮೂರಲ್ಲ ಸರ್... ಒಂದು." ಬೆಂಚಿನ ತನಕ ಕರೆದುಕೊಂಡು ಹೋಗಿ ಬೆರಳು ತೋರಿಸಿದೆ. ಡಬ್ಬದ ಕಥೆ ಕಿವಿಯಲ್ಲಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ನಮ್ಮ ಚಿಕ್ಕಪ್ಪನ ಹೆಸರೂ ಸುಮಿನಾನೇ," ಅಂದರು ಡಾಕ್ಟರ್. "ಎಂಬತ್ತು ದಾಟ್ತು. ಇನ್ನೂ ಮೂರು ಹೊತ್ತು ಫುಫು ಮುದ್ದೆ ಹೊಡೀತಾನೆ." ಆಗಲೇ ಕೈ ಬೇರೆ ಔಷಧಿ ಬರೆಯುತ್ತಿತ್ತು.

"ನನ್ನ ಕಸದ ಡಬ್ಬದ ಮೇಲಾ!" ಸಿಸ್ಟರ್ ಕಿರುಚಿದರು. ಆಮೇಲೆ ಸ್ಟೂಲಿನ ಮೇಲೆ ಕುಸಿದು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಅತ್ತರೋ ಏನೋ.

ಯಾರೂ ಕುಮಾಸಿಗೆ ಹೋಗುವುದಿಲ್ಲ. ಮಗುವಿಗೆ ಹೊಸ ಪಟ್ಟಿ. ಬರೀ ನಂಬರ್. ಅಜ್ಜಿ ತಿರುಗಿಸಿ ಮುರುಗಿಸಿ ನೋಡಿ ಒಪ್ಪಿದಳು.

ಆದರೆ ಜ್ವರ ಹಾಗೇ ಇದೆ.

ಜೂನ್ ೧೫, ಶನಿವಾರ

ರಜೆ. ಆದರೂ ಹೋದೆ. ಮಗು ಮೊಲೆ ಹಿಡಿಯುತ್ತಿಲ್ಲ. ಬರೆಯಲು ಏನಿಲ್ಲ.

ಜೂನ್ ೨೪, ಸೋಮವಾರ

ರಕ್ತ ಶುದ್ಧ! ರಿಪೋರ್ಟ್ ಎರಡು ಸಲ ಓದಿದೆ. ಜ್ವರ ಬಿಟ್ಟು ದಿನಗಳಾದವು, ಆದರೂ ನಂಬಲು ಹೆದರಿದ್ದೆ. ಈ ತಿಂಗಳ ಲೆಕ್ಕ: ಒಂದು. ಆ ಒಂದೂ ನಮ್ಮಲ್ಲೇ ಅಂಟಿದ್ದು, ಮರೆಯುವಂತಿಲ್ಲ. ಆದರೂ ಇಷ್ಟು ಹಗುರಾಗಿ ಯಾವ ಅಂಕಿಯನ್ನೂ ಬರೆದಿರಲಿಲ್ಲ.

ಸಿಸ್ಟರ್ ಸ್ಟೂಲು ಎಳೆದು ಹಾಕಿದರು. "ಕೂತ್ಕೊಳ್ಳೇ ಪೊಲೀಸಮ್ಮ, ನಿಂತು ನಿಂತು ಮೊಳೆತುಬಿಡ್ತೀಯ."

ಜೂನ್ ೨೭, ಗುರುವಾರ

ಮನೆಗೆ ಹೋದರು. ಮಗು ಆಚ್ಯಾಳ ಬೆನ್ನಿಗೆ, ಬಟ್ಟೆಯಲ್ಲಿ ಬಿಗಿಯಾಗಿ. ಕಪ್ಪು ತಲೆಯಷ್ಟೇ ಕಾಣುತ್ತಿತ್ತು. ಗೇಟಿನಲ್ಲಿ ಅಜ್ಜಿ ನನ್ನ ಕಿವಿ ಹಿಡಿದು ಬಗ್ಗಿಸಿದಳು. ಮುಂದೆ ಇಡಬೇಕೆಂದಿರುವ ನಿಜವಾದ ಹೆಸರು ಉಸುರಿದಳು. "ಎಲ್ಲೂ ಬರ್ಕೋಬೇಡ. ನಡೆಯೋ ತನಕ ತಿಪ್ಪೆನೇ."

ಎಂಥ ಚೆಂದದ ಹೆಸರು. ಬೆಳಗಿನಿಂದ ನಾಲಿಗೆಯ ಮೇಲೇ ಕೂತಿದೆ. ಇದನ್ನು ಯಾರೂ ಓದುವುದಿಲ್ಲ, ನನ್ನ ಪೆಟ್ಟಿಗೆಗೆ ಬೀಗವಿದೆ. ಡಿಗ್ರಿ ಓದಿದವಳು ನಾನು, ಇದನ್ನೆಲ್ಲ ನಂಬುವುದಿಲ್ಲ. ಬರೆದರೆ ಏನಾದೀತು... ಅವನ ಹೆಸರು —