ಮಲತಾಯಿಯ ಹೊಸ ವಿಳಾಸ

ಸೋಮವಾರ, ಸಂಜೆ

ಪ್ರೀತಿಯ ಚಿಕ್ಕಮ್ಮ,

ಗೆದ್ದೆ, ಗೆದ್ದೇಬಿಟ್ಟೆ! ನಮ್ಮ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಇವತ್ತು ಒಂದು ವಿಷಯ ಶೀರ್ಷಿಕೆ ಬದಲಾಯಿತು, ಬದಲಾಗುವಂತೆ ಮಾಡಿದವಳು ನಾನು! ಇದೇನು ಮಹಾ ಎಂದು ನೀವು ಮೂಗು ಮುರಿಯುವ ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆಲ್ಲ ನೀವೇ ಕಾರಣ. ಕಾಗುಣಿತ ತಪ್ಪಿದ್ದರೆ ಬೈಯಬೇಡಿ, ಇಂಗ್ಲಿಷ್ ಶಾಲೆಗೆ ಸೇರಿಸಿದ್ದು ಅಪ್ಪ.

ನನ್ನ ಕೆಲಸ ಏನೆಂದು ನೀವು ಕೇಳುತ್ತಲೇ ಇದ್ದಿರಿ. ಹೊಸ ಪುಸ್ತಕ ಬಂದರೆ ಅದು ಯಾವುದರ ಬಗ್ಗೆ ಎಂದು ಎರಡು ಮೂರು ಪದಗಳಲ್ಲಿ ಕ್ಯಾಟಲಾಗಿಗೆ ಸೇರಿಸುವುದು. ಅದೇ ವಿಷಯ ಶೀರ್ಷಿಕೆ. ಬಾಗಿಲ ಬಳಿಯ ಕಂಪ್ಯೂಟರಿನಲ್ಲಿ ಓದುಗರು ಹುಡುಕುವ ಪದ ಅದಕ್ಕೆ ಹೊಂದಿದರೆ ಪುಸ್ತಕ ಸಿಗುತ್ತದೆ. ಹೊಂದದಿದ್ದರೆ, ಕಪಾಟಿನಲ್ಲಿ ಕಣ್ಣೆದುರೇ ಇದ್ದರೂ ಇಲ್ಲ.

ಇದು ಮೊದಲು ಗೊತ್ತಾದದ್ದು ನನ್ನ ಅತ್ತೆ, ಅಂದರೆ ನಿಮ್ಮ ಬೀಗಿತ್ತಿಯಿಂದ. ಒಂದು ದಿನ ಬಂದು 'ಮಂಡಿ ನೋವು' ಎಂದು ಹುಡುಕಿದರು. ಏನೂ ಇಲ್ಲ ಎಂದಿತು. ಪುಸ್ತಕಗಳೆಲ್ಲ 'ಸಂಧಿ ವ್ಯಾಧಿಗಳು' ಎಂಬ ಹೆಸರಿನಡಿ ಹಾಯಾಗಿ ಮಲಗಿದ್ದವು! “ನನ್ನ ಮಂಡಿಗೆ ಸಂಸ್ಕೃತ ಬರಲ್ಲ ಕಣೇ, ಅದು ಅಳೋದು ಕನ್ನಡದಲ್ಲೇ” ಎಂದರು ಅತ್ತೆ. ಇಡೀ ಓದುವ ಕೋಣೆ ನಕ್ಕಿತು. ಅದೇ ದಿನ ಮಂಡಿಗೊಂದು ಕೈಮರ ನೆಟ್ಟೆ: 'ಮಂಡಿ ನೋವು – ನೋಡಿ: ಸಂಧಿ ವ್ಯಾಧಿಗಳು'. ಈ ಪದ ಹಿಡಿದು ಬಂದವರನ್ನು ಆ ಪುಸ್ತಕಗಳ ಹತ್ತಿರ ಕರೆದೊಯ್ಯುವುದೇ 'ನೋಡಿ'ಯ ಕೆಲಸ.

ಈಗ ನಿಮ್ಮ ವಿಷಯ. ಹೋದ ತಿಂಗಳು ಇಲ್ಲಿಗೆ ಬನ್ನಿ ಎಂದರೆ ನೀವು ಫೋನಿನಲ್ಲಿ ಏನಂದಿರಿ? “ಬೀಗರ ಮನೇಲಿ ನನ್ನ ಏನಂತ ತೋರಿಸ್ತೀಯೇ? ಮಲತಾಯಿ ಅಂತಲಾ? ಬೇಡ ಬಿಡು, ನೀನು ಚೆನ್ನಾಗಿರು ಸಾಕು.” ಮದುವೆ ದಿನ ಫೋಟೋ ತೆಗೆಯುವಾಗಲೂ ಹೀಗೇ ಕುರ್ಚಿಗಳ ಹಿಂದೆ ಹೋಗಿ ನಿಂತಿರಿ. ಮರುದಿನ ಸುಮ್ಮನೆ 'ಮಲತಾಯಿ' ಎಂದು ಹುಡುಕಿದೆ. ಬಂತು ನೋಡಿ: 'ಮಲತಾಯಿ – ನೋಡಿ: ಕುಟುಂಬ ಕಲಹ'.

ನನ್ನ ಕಿವಿ ಬಿಸಿಯಾಯಿತು! ಏದುಸಿರು ಬಿಡುತ್ತ ನನ್ನ ಸೈಕಲ್ಲಿನ ಹಿಂದೆ ಓಡಿದ್ದು ಕಲಹವೇ? ಜ್ವರ ಬಂದಾಗ ಹಣೆಯ ಮೇಲಿಟ್ಟ ಕೈ ಕಲಹವೇ? (ಗಣಿತ ಹೇಳಿಕೊಡುವಾಗ ಸ್ವಲ್ಪ ಕಲಹ ಆಗಿತ್ತು, ಒಪ್ಪುತ್ತೇನೆ.)

ನೇರವಾಗಿ ನಮ್ಮ ಮುಖ್ಯಸ್ಥರ ಬಳಿ ಹೋದೆ. ಸದಾ ತುಟಿಯ ಮೇಲೆ ಬೆರಳಿಟ್ಟು 'ಶ್' ಎನ್ನುವುದರಿಂದ ಅವರಿಗೆ ನಾವಿಟ್ಟ ಹೆಸರು ಮೌನ ಸಾರ್. “ಪತ್ರಿಕೆಯವ್ರು ದಿನಾ ಮಲತಾಯಿ ಧೋರಣೆ ಅಂತ ಬರೀತಾರೆ, ನಾವು ಮಾತ್ರ ಬದಲಾಯಿಸ್ಬೇಕೇನಮ್ಮ?” ಎಂದರು. ಧೋರಣೆ ಬೇಡ ಸಾರ್, ಪುಸ್ತಕ ನೋಡೋಣ ಎಂದೆ. ಆ ಕೈಮರ ತೋರಿಸುತ್ತಿದ್ದ ಪುಸ್ತಕಗಳನ್ನೆಲ್ಲ ಅವರ ಮೇಜಿನ ಮೇಲೆ ಪೇರಿಸಿದೆ. ಸಂಗಾತಿಯ ಮಕ್ಕಳನ್ನು ಬೆಳೆಸುವ ಬಗ್ಗೆ, ಅಮ್ಮನನ್ನು ಕಳೆದುಕೊಂಡ ಮಗುವಿನ ಜೊತೆ ಮಾತಾಡುವ ಬಗ್ಗೆ. ಜಗಳ ಇದ್ದದ್ದು ಒಂದೇ ಒಂದರಲ್ಲಿ. ಅದೂ ಅಣ್ಣತಮ್ಮಂದಿರದು, ಆಸ್ತಿಗಾಗಿ!

ಮೌನ ಸಾರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. “ಸರಿ, ಹೊಸ ಹೆಸರು ತಗೊಂಡು ಬಾ.”

ನಾನೋ ಮಹಾ ಪಂಡಿತೆ! ರಾತ್ರಿ ಊಟದ ಹೊತ್ತಿಗೆ 'ಪುನಾರಚಿತ ಕುಟುಂಬಗಳಲ್ಲಿ ಪೋಷಕತ್ವ' ಎಂದು ಬರೆದು ಹೆಮ್ಮೆಯಿಂದ ಓದಿದೆ. “ಇದನ್ನ ಟೈಪ್ ಮಾಡಿ ಮುಗಿಸೋ ಹೊತ್ತಿಗೆ ಆ ಮಗೂಗೆ ಮದುವೆ ಆಗಿರುತ್ತೆ” ಎಂದರು ಅತ್ತೆ. ನಿಮ್ಮ ಅಳಿಯ (ಈ ಪದವನ್ನು ಎಷ್ಟು ಸಲ ಬರೆದರೂ ಸಾಲದು!) ನೀರು ಕುಡಿಯುತ್ತಿದ್ದವರು ನಕ್ಕು ನೆತ್ತಿಗೇರಿಸಿಕೊಂಡರು. ಅವರ ಬೆನ್ನಿಗೆ ಗುದ್ದುತ್ತ ಗುದ್ದುತ್ತಲೇ ಹೊಳೆಯಿತು. ಹೊಸ ಹೆಸರೇ ಬೇಕಾಗಿಲ್ಲ! ಅಮ್ಮಂದಿರ ಪುಸ್ತಕಗಳೆಲ್ಲ ಇರುವ ಜಾಗವೊಂದು ಆಗಲೇ ಇದೆಯಲ್ಲ?

ಇವತ್ತು ಮೌನ ಸಾರ್ ತಾವೇ ಕೂತು ಬದಲಾಯಿಸಿದರು. ಹಳೆಯ ಪದವನ್ನು ಕಿತ್ತೆಸೆಯಲಿಲ್ಲ. ಜನ ಅದನ್ನೇ ಹುಡುಕುತ್ತಾರೆ, ಹುಡುಕಲಿ. ಆಸ್ತಿ ಜಗಳದ್ದೊಂದನ್ನು ಬಿಟ್ಟು ಉಳಿದ ಪುಸ್ತಕಗಳನ್ನು ಅಮ್ಮಂದಿರ ಪುಸ್ತಕಗಳ ಜೊತೆ ಸೇರಿಸಿದರು, ಕೈಮರದ ದಿಕ್ಕೂ ತಿರುಗಿತು: 'ಮಲತಾಯಿ – ನೋಡಿ: ತಾಯಂದಿರು ಮತ್ತು ಮಕ್ಕಳು'. “ಆಯ್ತು!” ಎಂದು ಎಷ್ಟು ಜೋರಾಗಿ ಕೂಗಿದರೆಂದರೆ, ಓದುತ್ತಿದ್ದ ಅಜ್ಜಿಯೊಬ್ಬರು ಅವರಿಗೇ 'ಶ್' ಎಂದರು!

ಉಳಿದದ್ದೆಲ್ಲ ಎದುರು ಸಿಕ್ಕಾಗ. ಕಾಗದ ಮುಗಿಯಿತು, ನನ್ನ ಮಾತಲ್ಲ.

ನಿಮ್ಮ ಸೆರಗು ಹಿಡಿದೇ ಬೆಳೆದ,
ಗಿರಗಿಟ್ಟಲೆ

ಮರೆತಿದ್ದು: ಅಲ್ಲ, ಮರೆತಿಲ್ಲ, ಬರೆಯಲು ನಾಚಿಕೆ ಆಗಿತ್ತು. ನಿಮ್ಮನ್ನು ಏನಂತ ತೋರಿಸುತ್ತೀಯ ಎಂದಿರಲ್ಲ? ಇಲ್ಲಿ ಅತ್ತೆ ದಿನಾ ಕೇಳುವುದು “ನಿಮ್ಮಮ್ಮ ಯಾವಾಗ ಬರ್ತಾರೇ?” ಎಂದು. ಅವರ ಮುಂದೆ ನಾನೂ ಹಾಗೇ ಹೇಳುತ್ತೇನೆ, ಬಂದ ದಿನದಿಂದಲೂ. ನಿಮ್ಮೆದುರು ಮಾತ್ರ ನಾಲಿಗೆ ಏಳುವುದಿಲ್ಲ. ಅದಕ್ಕೇ ಮನೆಗೂ ಒಂದು ಕೈಮರ: 'ಚಿಕ್ಕಮ್ಮ – ನೋಡಿ: ಅಮ್ಮ'. ಬರಲ್ಲ ಅನ್ನಬೇಡ. ಬಟ್ಟೆ ಜೋಡಿಸಿಟ್ಟುಕೊಂಡಿರು ಅಮ್ಮ, ಕರೆದುಕೊಂಡು ಹೋಗಲು ನಾನೇ ಬರುತ್ತಿದ್ದೇನೆ, ಶನಿವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ.