ಎರಡನೆಯ ವನ್ಸ್ ಮೋರ್

ಬಾಗಲಕೋಟೆ
೨೦ ನವೆಂಬರ್ ೧೯೫೬

ಸಾವಂತ್ರವ್ವನಿಗೆ ಪ್ರೇಮಾಬಾಯಿಯ ನಮಸ್ಕಾರಗಳು.

ಅಭ್ಯಾಸಬಲದಿಂದ ‘ಸೌಭಾಗ್ಯವತಿ’ ಎಂದು ಶುರುಮಾಡಿ ಒಂದು ಹಾಳೆ ಹರಿದುಹಾಕಿದೆ. ನಿನಗೆ ಓದಲು ಸುಲಭವಾಗಲೆಂದು ದೊಡ್ಡ ಅಕ್ಷರದಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಬೇರೆ ಯಾರಿಂದಲೂ ಓದಿಸಬೇಡ.

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಇಳಕಲ್ಲಿನಲ್ಲಿ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಅಕ್ಷರ ಕಲಿತವಳು ನೀನು; ನೀನು ಬರೆದ ಮೊದಲ ಪತ್ರ ಅದು. ಒತ್ತಕ್ಷರಗಳೆಲ್ಲ ಸರಿಯಾಗಿದ್ದವು. “ಅಕ್ಕಾರ, ಆ ಮದುವ್ಯಾಗ ನೀವೂ ಇದ್ರಿ. ಡಾಕ್ಟರು ಒಂದ ಸಲ ಊದು ಅಂದಿದ್ರ ನಮ್ಮನಿಯವರನ್ನ ಮತ್ತೆರಡ ಸಲ ಎಬ್ಬಿಸಿದವರು ಯಾರು? ಕನಕಪ್ಪ ತಾನ ಅಂತಾನ. ಅಣ್ಣನ್ನ ತಿಂದಾವ ಅಂತ ಅವನ್ನ ಮನಿ ಬಿಟ್ಟು ಹೊರಗ ಹಾಕೇನಿ. ಖರೆ ಏನು ನೀವ ಹೇಳ್ರಿ” ಎಂದು ಕೇಳಿದ್ದೀ.

ನಿನ್ನ ಮೈದುನನ ತಪ್ಪಿಲ್ಲ. ಎಬ್ಬಿಸಿದವಳು ನಾನು.

ಹೇಗೆಂದು ಹೇಳಬೇಕಾದರೆ ಏಳು ವರ್ಷ ಹಿಂದಕ್ಕೆ ಹೋಗಬೇಕು. ನಾನು ಪುಣೆಯ ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು. ಅಲ್ಲಿ ಪಿಯಾನೋ ಬಾರಿಸಲು ಕಲಿಸಿದರು. ಮದುವೆ ಬ್ಯಾಂಡೆಂದರೆ ಗದ್ದಲವೆಂದೂ ಕಲಿಸಿದರು. ಇಳಕಲ್ಲಿನ ಶಾಲೆಗೆ ಶಿಕ್ಷಕಿಯಾಗಿ ಬಂದ ವರ್ಷ, ಹುನಗುಂದದಲ್ಲಿ ವರನ ಮೆರವಣಿಗೆ ಅಡ್ಡಬಂದು ನಾನಿದ್ದ ಸರ್ವೀಸ್ ಮೋಟಾರು ನಿಂತಿತು. ಎಂಟು ಜನ ನೇಕಾರರು, ದಂಡಿನವರ ಹಳೇ ಕೋಟು, ಒಂದೊಂದಕ್ಕೆ ಒಂದೊಂದು ತರಹದ ಗುಂಡಿ. ನಡುವೆ ನಿನ್ನ ಗಂಡ ಕಣ್ಣು ಮುಚ್ಚಿ ಕ್ಲಾರಿಯೊನೆಟ್ಟಿನಲ್ಲಿ ಭೈರವಿ ಊದುತ್ತಿದ್ದರು. ಮಗ್ಗದ ಕುಣಿಯಲ್ಲಿ ಕಾಲು ಆಡಿಸಿದ ಹಾಗೆ ನಿಂತಲ್ಲೇ ಹಿಮ್ಮಡಿ ಆಡುತ್ತಿತ್ತು. ನಾನು ಮೋಟಾರಿನಿಂದ ಇಳಿದುಬಿಟ್ಟೆ. ಅದು ಹೊರಟುಹೋಯಿತು.

ಆಮೇಲೆ ತುಳಸಿಗೇರಿ, ಮರೋಳ, ಬಾದಾಮಿ, ಎಲ್ಲಿ ನಿನ್ನ ಗಂಡ ಮುತ್ತಪ್ಪನವರ ಬ್ಯಾಂಡೋ ಅಲ್ಲಿ ನಾನು. ಕರೆಯದ ಮದುವೆಗಳಿಗೆ ಹೋದೆ. ಹೆಣ್ಣಿನವರು ನನ್ನನ್ನು ಗಂಡಿನ ಕಡೆಯವಳೆಂದು ತಿಳಿದರು, ಗಂಡಿನವರು ಹೆಣ್ಣಿನ ಕಡೆಯವಳೆಂದು. ಎರಡೂ ಕಡೆಯ ಎಲೆಅಡಿಕೆ ಹಾಕಿಕೊಂಡು ಬಂದೆ. “ಅಕ್ಕಾರ, ಈ ಮದುವಿಗೂ ನೀವ ಬೀಗರೇನ್ರಿ?” ಎಂದು ನಿನ್ನ ಗಂಡ ನಗುತ್ತಿದ್ದರು. ಡೋಲು ಹೊಡೆಯುವ ಕನಕಪ್ಪ, “ಅಣ್ಣಾ, ಅಕ್ಕಾರು ಬರೂತನಕ ತಾಳಿ ಕಟ್ಟಸಬ್ಯಾಡೋ” ಎನ್ನುತ್ತಿದ್ದ.

ಜನ ಏನೆಂದುಕೊಂಡರೋ ನನಗೆ ತಿಳಿಯದು. ನೀನೂ ಈಗ ಹಾಗೆ ಅಂದುಕೊಳ್ಳಬಹುದು. ಅದು ಆ ಮನುಷ್ಯನ ಮೇಲಿನ ಮೋಹವೇ ಎಂದು ನಾನೂ ನನ್ನನ್ನು ಕೇಳಿಕೊಂಡಿದ್ದೇನೆ. ಆಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ನಾದ ಮಾತ್ರ. ಮನುಷ್ಯನ ಮೇಲೆ ಅಷ್ಟು ಮನಸ್ಸಿದ್ದಿದ್ದರೆ ಆ ದಿನ ಅವರನ್ನು ಕೂಡ್ರಲು ಬಿಡುತ್ತಿದ್ದೆ.

ಈ ವರ್ಷ ವೈಶಾಖದ ಆ ಮದುವೆಯ ಹೊತ್ತಿಗೆ ನೀನು ರಾಮಥಾಳಕ್ಕೆ ತವರಿಗೆ ಹೋಗಿದ್ದೆ. ನನಗೆ ಬಾಗಲಕೋಟೆಗೆ ವರ್ಗವಾಗಿತ್ತು, ಮರುದಿನ ಹೊರಡುವವಳು. ಮಧ್ಯಾಹ್ನದ ಚಪ್ಪರದಲ್ಲಿ ನಿನ್ನ ಗಂಡ ಒಮ್ಮೆ ಭೈರವಿ ಊದಿ ಕೂತರು. ನಾಟಕದ ಥೇಟರಿನ ರೂಢಿ ನಮ್ಮ ಮದುವೆಗಳಿಗೂ ಬಂದಿದೆಯಲ್ಲ. ವನ್ಸ್ ಮೋರ್ ಬಂದರೆ ವಾದ್ಯದವರು ಒಲ್ಲೆ ಎನ್ನುವಂತಿಲ್ಲ. ಗಂಡಸರು ಕೂಗುತ್ತಾರೆ, ಹೆಂಗಸರು ಚೀಟಿ ಕಳಿಸುತ್ತಾರೆ. ನಾನು ಹೆಸರು ಹಾಕದೆ ಚೀಟಿ ಬರೆದು ಕನಕಪ್ಪನ ಕೈಗೆ ಕೊಟ್ಟೆ. ವರನ ಮಾವ ಎದ್ದುನಿಂತು ಓದಿದ. ನಿನ್ನ ಗಂಡ ಎದ್ದು ಊದಿದರು.

ನನಗೆ ಸಾಕಾಗಲಿಲ್ಲ. ಮತ್ತೊಂದು ಬರೆದೆ. ಕನಕಪ್ಪ ಅದನ್ನು ಮುಟ್ಟಲಿಲ್ಲ. “ಸಾಕ್ರಿ ಅಕ್ಕಾರ, ಅಣ್ಣಗ ಕೆಮ್ಮ ಎದ್ದೈತಿ” ಎಂದ. “ನಾಳೆ ನಾನು ಊರು ಬಿಡತೀನಿ ಕನಕಪ್ಪ, ಇದೊಂದೇ ಸಲ” ಎಂದೆ. ಅವನ ಮಗಳನ್ನು ಫೀ ಇಲ್ಲದೆ ಶಾಲೆಗೆ ಸೇರಿಸಿಕೊಂಡವಳು ನಾನು. ಚೀಟಿ ಒಯ್ದ. ಚಪ್ಪರವೆಲ್ಲ ವನ್ಸ್ ಮೋರ್ ಎಂದು ಕೂಗಿತು.

ಮೂರನೆಯ ಸಲ ನಡುವೆಯೇ ನಾದ ನಿಂತಿತು. ನಿನ್ನ ಗಂಡ ರುಮಾಲಿನ ಸೆರಗಿನಿಂದ ಬಾಯಿ ಒರೆಸಿಕೊಂಡರು. ಕೆಂಪಾದ ಭಾಗವನ್ನು ಒಳಗೆ ಮಡಚಿ, ಹೆಂಗಸರ ಕಡೆಗೆ ಕೈಮುಗಿದು ಕೂತರು. ಶ್ರಾವಣದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಹೋದ ವಾರ ಇಲ್ಲಿಯ ಅರಳೆ ಪೇಟೆಯಲ್ಲಿ ಕನಕಪ್ಪ ಅರಳೆ ತುಂಬಿದ ಅಂಡಿಗೆ ಹೊರುತ್ತಿದ್ದುದನ್ನು ಕಂಡೆ. ಬೆನ್ನು ಬಾಗಿದೆ. ನನ್ನ ಹೆಸರು ಯಾಕೆ ಹೇಳಲಿಲ್ಲವೆಂದು ಕೇಳಿದೆ. “ಹೇಳಿದ್ರ ಅಣ್ಣ ಎದ್ದ ಬರತಾನೇನ್ರಿ? ಅತ್ತಿಗಿಗೆ ಅಕ್ಷರಾ ಕಲಿಸಿದವರು ನೀವು. ಆಕಿಗೆ ನೀವೊಬ್ಬರರ ಇರ್ರಿ” ಎಂದ. ನಾನು ಅಲ್ಲಿ ನಿಲ್ಲಲಾಗದೆ ಬಂದುಬಿಟ್ಟೆ.

ಅವನನ್ನು ಮನೆಗೆ ಕರೆದುಕೋ, ಸಾವಂತ್ರವ್ವ. ಒಬ್ಬಳ ಕೈಯಿಂದ ಎರಡು ಮಗ್ಗ ನಡೆಯುವುದಿಲ್ಲ. ನನ್ನನ್ನು ಕ್ಷಮಿಸೆಂದು ಬರೆದಿದ್ದ ಸಾಲನ್ನು ಹೊಡೆದುಹಾಕಿದೆ. ನಮ್ಮ ಓಣಿಯಲ್ಲಿ ಮದುವೆಯ ಬ್ಯಾಂಡು ಬಂದರೆ ಈಗ ಕಿಟಕಿ ಹಾಕಿಕೊಳ್ಳುತ್ತೇನೆ. ಹಾಕಿದರೂ ಕೇಳಿಸುತ್ತದೆ.

ನಿನ್ನ ಮುಖ ನೋಡುವ ಧೈರ್ಯವಿಲ್ಲದ,
ಪ್ರೇಮಾಬಾಯಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಡಾಕ್ಟರು ಒಂದು ಸಲ ಊದು ಅಂದಿದ್ದರೆಂದು ನೀನು ಬರೆದಿದ್ದೀ. ಡಾಕ್ಟರು ಹಾಗೆ ಅಂದಿರಲಿಲ್ಲ. ಮಾಘದಲ್ಲಿ ನಿನ್ನ ಗಂಡ ದವಾಖಾನೆಯ ಕಾಗದ ತಂದು ನನ್ನಿಂದ ಓದಿಸಿದರು, ಇಂಗ್ಲಿಷಿನಲ್ಲಿತ್ತಲ್ಲ. ಊದುವ ವಾದ್ಯ ಇನ್ನು ಮೇಲೆ ಬಾಯಿಗೆ ಮುಟ್ಟಿಸಕೂಡದು ಎಂದು ಅದರಲ್ಲಿತ್ತು. “ಊದಬಹುದೇನ್ರಿ ಅಕ್ಕಾರ?” ಎಂದು ಕೇಳಿದರು. “ಕಡಿಮೆ ಮಾಡ್ರಿ, ಒಂದು ಮದುವೆಗೆ ಒಂದೇ ಸಲ” ಎಂದು ಓದಿ ಹೇಳಿದೆ. ಅವರ ಮನಸ್ಸು ಒಡೆಯಬಾರದೆಂದು ಹಾಗೆ ಹೇಳಿದೆ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಮರುವಾರ ಬಾದಾಮಿಯಲ್ಲಿ ಅವರ ಬ್ಯಾಂಡಿತ್ತು. ಅದಕ್ಕೆ ಹೋಗಲು ನಾನು ಆಗಲೇ ರಜೆ ಹಾಕಿದ್ದೆ.