ಗೇಟಿನ ಮೇಲಿನ ಬ್ಯಾನರ್

ಜೂನ್ 21, ಶುಕ್ರವಾರ

ಗೇಟಿಗೆ ಕಟ್ಟಿಸಿದ ಬ್ಯಾನರ್ ಗಾಳಿಗೆ ಪಟಪಟ ಎನ್ನುತ್ತಿದೆ, ನಿದ್ದೆ ಬರುತ್ತಿಲ್ಲ. ಅದರಲ್ಲಿ ಮೊಮ್ಮಗಳು ಜೊನಾಲಿನ್‌ಳ ಮುಖ, ಕೆಳಗೆ ಕೆಂಪಕ್ಷರದಲ್ಲಿ ದಿಲಿಮಾನ್. ಮೊದಲ ವರ್ಷ ಅವಳಿಗೆ ಸಿಕ್ಕಿದ್ದು ವಿಶ್ವವಿದ್ಯಾಲಯದ ಇಲ್ಲೇ ಹತ್ತಿರದ ಮಿಯಾಗಾವ್ ಕ್ಯಾಂಪಸ್. ಚೆನ್ನಾಗಿ ಓದಿ ಮನಿಲಾದ ದೊಡ್ಡ ದಿಲಿಮಾನ್ ಕ್ಯಾಂಪಸ್ಸಿಗೆ ವರ್ಗವಾಗು ಎಂದು ಅರ್ಜಿ ಹಾಕಿಸಿದವಳು ನಾನೇ. ಒಪ್ಪಿಗೆ ಬಂದ ದಿನವೇ ಬ್ಯಾನರ್ ಮಾಡಿಸಿದೆ. ಯಾರು ಏನು ಪಾಸಾದರೂ ಬ್ಯಾನರ್ ಏರುವ ಬೀದಿ ಇದು. ನಮ್ಮದು ಎಲ್ಲಕ್ಕಿಂತ ದೊಡ್ಡದಿರಲಿ ಎಂದಿದ್ದೆ.

ಸಂಜೆ ಹುಡುಗಿ ಜೀಪ್ನಿಯಿಂದಿಳಿದು ಅದರ ಕೆಳಗೆ ನಿಂತಳು. ಎದುರುಮನೆ ಚಾಯೋಂಗ್ ಸುಮ್ಮನಿರಬೇಕಲ್ಲ.

"ಏನಮ್ಮ, ಮನಿಲಾದವಳಾದೆ. ಇನ್ಮೇಲೆ ನಮ್ಮ ಒಣಮೀನು ನಿನಗೆ ವಾಸನೆ ಹೊಡಿಯುತ್ತೆ."

ಊಟಕ್ಕೆ ಕೂತಾಗ ಹುಡುಗಿ ಈ ಅಜ್ಜಿಗೆ ಹೇಳಿದಳು, "ಲೋಲಾ, ನಂಗೆ ಮೀನುಗಾರಿಕೆ ಓದ್ಬೇಕು. ಅದು ಮಿಯಾಗಾವ್‌ನಲ್ಲೇ ಇರೋದು. ದಿಲಿಮಾನ್‌ನವರಿಗೆ ನಾಳೆಯೊಳಗೆ ಉತ್ತರ ಕೊಡ್ಬೇಕು. ನೀವು ಹೋಗು ಅಂದ್ರೆ ಹೋಗ್ತೀನಿ."

"ಮೀನು ಹಿಡಿಯೋಕೆ ನಿನ್ನಜ್ಜ ಯಾವ ಕಾಲೇಜಿಗೆ ಹೋಗಿದ್ರು?"

"ಅದಕ್ಕೇ ಅಲ್ವಾ ಲೋಲಾ, ಎಷ್ಟೋ ದಿನ ಬರೀ ಬಲೆ ಹೊತ್ಕೊಂಡು ಬರ್ತಿದ್ರು."

ನಗು ಬಂತು, ತೋರಿಸಲಿಲ್ಲ. ಬೀದಿಯವರಿಗೆ ಏನು ಹೇಳಲಿ ಎಂದು ಕೇಳಿದೆ. ಅವಳು ನನಗಿಷ್ಟದ ಮೀನಿನ ತಲೆಯನ್ನು ನನ್ನ ತಟ್ಟೆಗೆ ಬಡಿಸಿದಳು.

ಹೋಗು ಅಂದ್ರೆ ಹೋಗ್ತೀನಿ ಎಂದಳಲ್ಲ, ಅದೇ ಕಾಡುತ್ತಿದೆ. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ.

ಹೊಲಿಗೆಯ ಕತ್ತರಿ ತೆಗೆದಿಟ್ಟಿದ್ದೇನೆ. ದಿಲಿಮಾನ್ ಎಂಬ ಕೆಳಗಿನ ಸಾಲನ್ನಷ್ಟೇ ಕತ್ತರಿಸಿದರೆ ಮುಖ ಉಳಿಯುತ್ತದೆ. ಚಾಯೋಂಗ್ ಏಳುವ ಮೊದಲು ಮುಗಿಸಬೇಕು. ಬ್ಯಾನರನ್ನಂತೂ ಇಳಿಸುವುದಿಲ್ಲ. ಒಂದು ಸಾಲು ಹೋದರೂ ಬೀದಿಯಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮದೇ.